ಆಳದ ಮಣ್ಣಿನ ಹುಳುವಿನಂಥ ನುಸಿಗಳು: ನೆಮಟಾಲಿಸಿಡೇ ಕುಟುಂಬದ ಬಗ್ಗೆ ಗೊತ್ತಿದ್ದವರು ಬನ್ನಿ, ಗೊತ್ತಿಲ್ಲದವರೂ ಬನ್ನಿ

ಮಣ್ಣಿನಾಳ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಎರೆಹುಳು, ಗೆದ್ದಲು, ಜೀವಾಮೃತ ಅಂತ ಮಣ್ಣಿನ ಬಗ್ಗೆ ತುಂಬ ಮಾತಾಗಿದೆ. ನುಸಿಯ ಹೆಸರು ಬರುವುದು ಮಾತ್ರ ಬೆಳೆಗೆ ಪೀಡೆ ಬಂದಾಗಲೇ. ನಾನು ಇವತ್ತು ಬರೆಯುತ್ತಿರುವ ನುಸಿಗಳು ಯಾವ ಬೆಳೆಗೂ ಬರುವುದಿಲ್ಲ. ಹುಟ್ಟುವುದೂ ಸಾಯುವುದೂ ಮಣ್ಣಿನೊಳಗೇ. ಕುಟುಂಬದ ಹೆಸರು ನೆಮಟಾಲಿಸಿಡೇ.

ನುಸಿ ಅಂದರೆ ಜೇಡ, ಉಣ್ಣೆ, ಚೇಳುಗಳ ಬಳಗಕ್ಕೆ ಸೇರಿದ ಜೀವಿ. ದುಂಡಗಿನ ಮೈ, ಎಂಟು ಕಾಲು, ಇದು ನಮ್ಮ ಕಣ್ಣಿಗೆ ಕಟ್ಟಿದ ಚಿತ್ರ. ನೆಮಟಾಲಿಸಿಡೇ ಹಾಗಿಲ್ಲ. ಮೈ ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಚರ್ಮದ ಮೇಲೆಲ್ಲ ಸಣ್ಣ ಸಣ್ಣ ಉಂಗುರಗಳು. ಎಂಟು ಕಾಲು ಇವೆ, ಆದರೆ ತೀರಾ ಮೋಟು. ಮೊದಲ ಸಲ ನೋಡಿದವರು ಇದನ್ನು ದುಂಡುಹುಳು, ಅಂದರೆ ನೆಮಟೋಡ್ ಅಂದುಕೊಂಡರೆ ಆಶ್ಚರ್ಯವಿಲ್ಲ.

ಈ ಕುಟುಂಬ ವಿಜ್ಞಾನಕ್ಕೆ ಗೊತ್ತಾಗಿದ್ದು 1954ರಲ್ಲಿ. ಜರ್ಮನಿಯ ಕಾರ್ಲ್ ಸ್ಟ್ರೆನ್ಜ್‌ಕೆ ಅಲ್ಜೀರಿಯಾದ ಮೆಡಿಟರೇನಿಯನ್ ತೀರದಲ್ಲಿ, ಮರಳಿನಡಿಯ ನೀರಿನಲ್ಲಿ ಸಿಕ್ಕ ನುಸಿಗೆ ನೆಮಟಾಲೈಕಸ್ ನೆಮಟಾಯ್ಡಿಸ್ ಎಂದು ಹೆಸರಿಟ್ಟರು. ಆಮೇಲೆ 1967ರಲ್ಲಿ ಫ್ರಾನ್ಸಿನಲ್ಲಿ ಗಾರ್ಡಿಯಾಲೈಕಸ್ ಸಿಕ್ಕಿತು. 1973ರಲ್ಲಿ ಮಧ್ಯ ಅಮೆಜಾನಿನಲ್ಲಿ ಸಾಮ್ಮೊಲೈಕಸ್. ಲೆಕ್ಕ ಹಾಕಿ ನೋಡಿ. ಜಗತ್ತಿನಲ್ಲಿ ಹೆಸರಿಟ್ಟ ನುಸಿ ಪ್ರಭೇದಗಳೇ 50,000ಕ್ಕೂ ಜಾಸ್ತಿ. ಈ ಕುಟುಂಬದಲ್ಲಿ 2014ರ ಹೊತ್ತಿಗೂ ಹೆಸರಿಟ್ಟವು ಐದೇ ಐದು.

ಆ ಐದನೆಯದು ಸಿಕ್ಕ ಜಾಗ ನನಗೆ ಎಲ್ಲಕ್ಕಿಂತ ಹಿಡಿಸಿತು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಒಂದು ದೊಡ್ಡ ನುಸಿ ಅಧ್ಯಯನ ಪ್ರಯೋಗಾಲಯ ಇದೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ್ದು. ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸ್ಯಾಮ್ಯುಯೆಲ್ ಬೋಲ್ಟನ್ ಪ್ರಯೋಗಾಲಯದ ರಸ್ತೆಯಾಚೆಯ ನೆಲವನ್ನು ಸುಮಾರು 50 ಸೆಂಟಿಮೀಟರ್ ಆಳಕ್ಕೆ ಅಗೆದು ಮಣ್ಣು ತಂದರು. ಜಿಗುಟಾದ ಗೋಡು ಮಣ್ಣು. ಅದರಲ್ಲಿ ಈ ನುಸಿ ಇತ್ತು. ಹೆಸರು ಆಸ್ಪೆರಾಲೈಕಸ್ ಟೆನರ್‌ಫೇಗಸ್. ಉದ್ದ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ನುಸಿ ತಜ್ಞರೇ ದಿನಾ ಓಡಾಡುವ ಜಾಗದ ಅಡಿಯಲ್ಲಿ ಹೊಸ ಪ್ರಭೇದ, ಹೊಸ ಕುಲ. ಯಾಕೆ ಅಷ್ಟು ವರ್ಷ ಕಾಣಲಿಲ್ಲ? ಮೇಲಿನ ಒಂದು ಗೇಣು ಮಣ್ಣು ಬಿಟ್ಟು ಕೆಳಗೆ ನೋಡುವ ರೂಢಿ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ಓದಿದವರು, ಮಣ್ಣು ಅಗೆಯುವವರು, ಸೂಕ್ಷ್ಮದರ್ಶಕ ಇಟ್ಟುಕೊಂಡವರು, ಎಲ್ಲರೂ ಬರೆಯಿರಿ.

ತಿಪಟೂರು ತೆಂಗು

ಸರ್, ಚೆನ್ನಾಗಿ ಬರೆದಿದ್ದೀರಿ. ನಾವು ತೆಂಗಿನವರು. ನುಸಿ ಅಂದ ತಕ್ಷಣ ನಮಗೆ ನೆನಪಾಗುವುದು ನುಸಿ ಪೀಡೆ. ಕಾಯಿಯ ತೊಟ್ಟಿನ ಕೆಳಗೆ ಬಿಳಿಚಿದ ತ್ರಿಕೋನದ ಗುರುತು ಕಾಣುತ್ತದೆ. ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಸಿಪ್ಪೆ ಸೀಳುತ್ತದೆ, ಅಂಟು ಬರುತ್ತದೆ, ಹರಳು (ಎಳೆಗಾಯಿ) ಉದುರುತ್ತದೆ. ಉಳಿದ ಕಾಯಿ ಸಣ್ಣಗಾಗಿ ಸೊಟ್ಟಗಾಗುತ್ತದೆ. ಸಿಪ್ಪೆ ಕಲ್ಲಾಗಿ ಬಿಡುತ್ತದೆ, ಸುಲಿಯುವವರೇ ಬೇಡ ಅನ್ನುತ್ತಾರೆ. ಕೊಬ್ಬರಿ ಮಾಡುವ ನಮ್ಮಂಥವರಿಗೆ ಅದು ದೊಡ್ಡ ಪೆಟ್ಟು. ಎಷ್ಟೋ ಮನೆಗಳ ಲೆಕ್ಕವೇ ತಲೆಕೆಳಗಾಯಿತು. ನೀರಾ ಇಳಿಸಲು ಬಿಡಿ ಅಂತ ರೈತರು ಬೀದಿಗೆ ಇಳಿದದ್ದೂ ಆ ಕಾಲದಲ್ಲೇ.

ನನ್ನ ಪ್ರಶ್ನೆ ನೇರವಾಗಿದೆ. ನೀವು ಹೇಳುವ ಈ ಮಣ್ಣಿನ ನುಸಿಗೂ ನಮ್ಮ ತೆಂಗಿನ ನುಸಿಗೂ ಏನಾದರೂ ನಂಟು ಇದೆಯಾ? ಎರಡೂ ಹುಳುವಿನ ಹಾಗೆ ಉದ್ದ. ತೆಂಗಿನ ನುಸಿಯನ್ನು ಸೂಕ್ಷ್ಮದರ್ಶಕದಲ್ಲಿ ನನಗೆ ಒಬ್ಬರು ತೋರಿಸಿದ್ದರು. ಅದೂ ಹೀಗೇ ಇತ್ತು.

ಮಣ್ಣಿನಾಳ

ಅಣ್ಣಾ, ಈ ಪ್ರಶ್ನೆ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದೆ. ನಂಟು ಇದೆ. ಹತ್ತಿರದ ನಂಟು.

ತೆಂಗಿನ ನುಸಿಯ ಹೆಸರು ಅಸೇರಿಯಾ ಗೆರೆರೋನಿಸ್. ಮೆಕ್ಸಿಕೋದ ಗೆರೆರೋ ರಾಜ್ಯದಿಂದ ಬಂದ ಮಾದರಿ ನೋಡಿ 1965ರಲ್ಲಿ ಕೈಫರ್ ಎಂಬ ವಿಜ್ಞಾನಿ ಹೆಸರಿಟ್ಟರು. ಭಾರತದಲ್ಲಿ 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ಕಂಡಿತು. ಅಲ್ಲಿಂದ ಗಾಳಿಯಲ್ಲಿ ತೇಲಿ ನಮ್ಮ ತೋಟಗಳಿಗೂ ಬಂತು. ಇದು ಎರಿಯೋಫಿಯಿಡ್ ಎಂಬ ದೊಡ್ಡ ಗುಂಪಿಗೆ ಸೇರಿದ್ದು. ಈ ಗುಂಪಿನ ನುಸಿಗಳಿಗೆ ಎಂಟಲ್ಲ, ನಾಲ್ಕೇ ಕಾಲು. ಉದ್ದ ಸುಮಾರು ಕಾಲು ಮಿಲಿಮೀಟರ್. ಎಲ್ಲವೂ ಗಿಡದ ರಸ ಹೀರಿ ಬದುಕುವಂಥವು.

ಎರಿಯೋಫಿಯಿಡ್‌ಗಳು ನುಸಿಗಳ ವಂಶವೃಕ್ಷದಲ್ಲಿ ಎಲ್ಲಿ ಕೂರುತ್ತವೆ ಅನ್ನುವುದು ಬಹಳ ಕಾಲ ತಲೆನೋವಾಗಿತ್ತು. ಗಿಡದ ಮೇಲೆ ಇರುವ ಬೇರೆ ನುಸಿಗಳ ಜೊತೆ ಸೇರಿಸುತ್ತಿದ್ದರು. 2017ರಲ್ಲಿ ಬೋಲ್ಟನ್, ರಷ್ಯಾದ ಚೆಟ್ವೆರಿಕೋವ್, ಒಹಾಯೊದ ಕ್ಲೊಂಪನ್ ಮೂವರೂ ಸೇರಿ ಮೈಕಟ್ಟು ಮತ್ತು ಬಾಯಿಯ ರಚನೆಯನ್ನು ಹೋಲಿಸಿದರು. ಎರಿಯೋಫಿಯಿಡ್‌ಗಳ ಹತ್ತಿರದ ಬಂಧು ನೆಮಟಾಲಿಸಿಡೇ ಅಂದರು. 2022ರಲ್ಲಿ ಕ್ಲಿಮೋವ್ ಮತ್ತು ಸಂಗಡಿಗರು ಜೀನ್‌ಗಳ ಹೋಲಿಕೆ ಮಾಡಿದಾಗಲೂ ಅದೇ ದಿಕ್ಕಿನ ಉತ್ತರ ಬಂತು.

ಅಂದರೆ ನಿಮ್ಮ ಕಾಯಿಯ ತೊಟ್ಟಿನಡಿ ಕೂತಿರುವ ನುಸಿಯ ದಾಯಾದಿಗಳು ಇವತ್ತಿಗೂ ಮೊಣಕಾಲು ಆಳದ ಮಣ್ಣಿನಲ್ಲಿವೆ.

ತಿಪಟೂರು ತೆಂಗು

ಇದು ನಿಜಕ್ಕೂ ಹೊಸ ವಿಷಯ. ಹಾಗಾದರೆ ಇನ್ನೊಂದು. ಮಣ್ಣಿನ ನುಸಿ ಮೇಲೆ ಹತ್ತಿ ತೆಂಗಿನ ನುಸಿ ಆಗುತ್ತದಾ? ಬುಡಕ್ಕೆ ಔಷಧಿ ಸುರಿದರೆ ಪೀಡೆ ಕಡಿಮೆ ಆಗುತ್ತದೆ ಅಂತ ನಮ್ಮೂರಲ್ಲಿ ಕೆಲವರು ಹೇಳುತ್ತಾರೆ.

ಮಣ್ಣಿನಾಳ

ಇಲ್ಲ ಅಣ್ಣಾ, ಆಗುವುದಿಲ್ಲ. ದಯವಿಟ್ಟು ಬುಡಕ್ಕೆ ಸುರಿಯಬೇಡಿ. ಈ ದಾಯಾದಿತನ ಕೋಟ್ಯಂತರ ವರ್ಷ ಹಿಂದಿನದು. ಇಟಲಿಯ ಡೊಲೊಮೈಟ್ ಬೆಟ್ಟಗಳಲ್ಲಿ ಸಿಕ್ಕ ಶಿಲಾರಾಳದಲ್ಲಿ, ಅಂದರೆ ಕಲ್ಲಿನಂತಾದ ಮರದ ಅಂಟಿನಲ್ಲಿ, ಎರಿಯೋಫಿಯಿಡ್‌ಗಳನ್ನು ಹೋಲುವ ನುಸಿಗಳು ಸಿಕ್ಕಿವೆ. 2012ರಲ್ಲಿ ವರದಿಯಾಯಿತು. ಆ ರಾಳಕ್ಕೆ ಸುಮಾರು 23 ಕೋಟಿ ವರ್ಷ. ಆಗ ಭೂಮಿಯ ಮೇಲೆ ತೆಂಗು ಇರಲಿ, ಹೂ ಬಿಡುವ ಗಿಡಗಳೇ ಹರಡಿರಲಿಲ್ಲ. ಆ ನುಸಿಗಳು ಪೈನ್ ಥರದ ಮರಗಳ ಮೇಲಿದ್ದವು. ಎರಡು ಕವಲುಗಳು ಅದಕ್ಕೂ ಮೊದಲೇ ಬೇರೆಯಾಗಿವೆ. ಇವತ್ತಿನ ಮಣ್ಣಿನ ನುಸಿ ನಾಳೆ ಕಾಯಿ ಹತ್ತುವುದು ಸಾಧ್ಯವಿಲ್ಲ.

ಬೇರಿನ ಮೂಲಕ ಬೇವಿನ ಅಂಶದ ಔಷಧಿ ಕೊಡುವ ಕ್ರಮ ಇದೆಯಲ್ಲ, ಅದು ಬೇರೆ ವಿಷಯ. ಅಲ್ಲಿ ಎಳೆಯ ಬೇರಿನ ತುದಿ ಕತ್ತರಿಸಿ, ಔಷಧಿ ಇರುವ ಚೀಲಕ್ಕೆ ಅದ್ದಿ ಕಟ್ಟುತ್ತಾರೆ. ಔಷಧಿ ಮರದೊಳಗೆ ಏರುತ್ತದೆ. ಮಣ್ಣಿಗೆ ಸುರಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸುರಿದರೆ ಸಾಯುವುದು ಕಸ ಕೊಳೆಯಲು ನೆರವಾಗುವ ಒಳ್ಳೆಯ ಜೀವಿಗಳು.

ಕೊಲಂಬಸ್ ಕನ್ನಡತಿ

ನಾನು ಈ ಊರಲ್ಲೇ ಇರುವವಳು. ಕೀಟಶಾಸ್ತ್ರ ನನ್ನ ವಿಷಯ ಅಲ್ಲ, ಸಾಫ್ಟ್‌ವೇರ್ ಕೆಲಸ. ಆದರೆ ಈ ನುಸಿಗೆ ಇಲ್ಲಿ ಪ್ರೀತಿಯ ಅಡ್ಡಹೆಸರು ಇದೆ, ಬಕೈ ಡ್ರ್ಯಾಗನ್ ಮೈಟ್. ಬಕೈ ಅನ್ನುವುದು ಒಹಾಯೊ ರಾಜ್ಯದ ಮರ. ವಿಶ್ವವಿದ್ಯಾಲಯದ ಆಟದ ತಂಡಗಳ ಹೆಸರೂ ಅದೇ. ಚಿತ್ರ ನೋಡಿದರೆ ಡ್ರ್ಯಾಗನ್ ಅಂತ ಯಾಕೆ ಕರೆದರು ಅಂತ ತಿಳಿಯುತ್ತದೆ. ಉದ್ದನೆಯ, ಬಳುಕುವ ಮೈ.

ಆ ಚಿತ್ರಗಳನ್ನು ತೆಗೆದ ರೀತಿಯೂ ಹೇಳುವಂಥದ್ದು. ಸಾಮಾನ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾದರಿಯನ್ನು ಒಣಗಿಸಬೇಕು. ಇಷ್ಟು ಮೆತ್ತನೆಯ ನುಸಿಯನ್ನು ಒಣಗಿಸಿದರೆ ಮುದುಡಿ ಹೋಗುತ್ತದೆ. ಅದಕ್ಕೆ ದ್ರವ ಸಾರಜನಕದಿಂದ ಕ್ಷಣದಲ್ಲಿ ಹೆಪ್ಪುಗಟ್ಟಿಸಿ, ಆ ಚಳಿಯಲ್ಲೇ ಚಿತ್ರ ತೆಗೆಯುತ್ತಾರೆ. ಸಾರಜನಕ ಮೈನಸ್ 196 ಡಿಗ್ರಿಯಲ್ಲಿ ದ್ರವವಾಗಿರುತ್ತದೆ. ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಕೇಂದ್ರದಲ್ಲಿ ಗ್ಯಾರಿ ಬಾಕನ್, ರಾನ್ ಓಚೋವಾ ಈ ಕೆಲಸದಲ್ಲಿ ಹೆಸರಾದವರು. ಬೋಲ್ಟನ್ ಅವರ ಜೊತೆ ಸೇರಿ ಈ ನುಸಿಯ ಚರ್ಮದ ಉಂಗುರಗಳನ್ನು ಹಾಗೇ, ಜೀವಂತ ಇದ್ದಾಗಿನ ಆಕಾರದಲ್ಲೇ ನೋಡಿದರು. ಬೇರೆ ರೀತಿಯಲ್ಲಿ ಅದು ಆಗುತ್ತಿರಲಿಲ್ಲ ಅನಿಸುತ್ತದೆ.

ಒಂದು ಸಂದೇಹ. ಎಂಟು ಕಾಲು ಇದ್ದೂ ಹುಳುವಿನ ಹಾಗೆ ಹರಿಯುವುದು ಯಾಕೆ? ಕಾಲು ಇದ್ದರೆ ನಡೆಯಬಹುದಲ್ವಾ?

ಎಂಎಸ್ಸಿ ಧಾರವಾಡ

ಅಕ್ಕಾ, ಇದಕ್ಕೆ ನಾನು ಉತ್ತರ ಕೊಡಲು ನೋಡುತ್ತೇನೆ. ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ಇದು ನನ್ನ ಇಷ್ಟದ ವಿಷಯ.

ಎರೆಹುಳು ಮಣ್ಣನ್ನು ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ನುಸಿಗೆ ಅಷ್ಟು ಬಲ ಇಲ್ಲ. ಮಣ್ಣಿನ ಕಣಗಳ ನಡುವೆ ಮೊದಲೇ ಇರುವ ಸಂದಿಯಲ್ಲಿ ಅದು ತೂರಬೇಕು. ಮೇಲ್ಮಣ್ಣಿನಲ್ಲಿ ಎಲೆ, ಬೇರು, ಎರೆಹುಳುವಿನ ದಾರಿ ಇರುವುದರಿಂದ ಸಂದಿಗಳು ದೊಡ್ಡವು. ಅಲ್ಲಿ ದುಂಡಗಿನ ನುಸಿಗಳು ಆರಾಮಾಗಿ ಓಡಾಡುತ್ತವೆ. ಕೆಳಗೆ ಹೋದಂತೆ ಮಣ್ಣು ಬಿಗಿ. ಸಂದಿ ಕಿರಿದು. ಅಲ್ಲಿ ಬದುಕಬೇಕಾದರೆ ಒಂದೋ ತೀರಾ ಸಣ್ಣಗಿರಬೇಕು, ಇಲ್ಲವೇ ತೆಳ್ಳಗೆ ಉದ್ದಕ್ಕೆ ಇರಬೇಕು. ನೆಮಟಾಲಿಸಿಡೇ ಎರಡನೇ ದಾರಿ ಹಿಡಿದಿವೆ.

ಅಷ್ಟು ಬಿಗಿಯಾದ ಜಾಗದಲ್ಲಿ ಕಾಲು ಚಾಚಿ ಹೆಜ್ಜೆ ಹಾಕಲು ಆಗುವುದಿಲ್ಲ. ಮೈಯನ್ನೇ ಹಿಗ್ಗಿಸಿ ಕುಗ್ಗಿಸಿ ಮುಂದೆ ಸಾಗಬೇಕು. ಚರ್ಮದ ಉಂಗುರಗಳು ಅದಕ್ಕೇ ಇರುವುದು. 2015ರಲ್ಲಿ ಬೋಲ್ಟನ್ ಮತ್ತು ಸಂಗಡಿಗರು ಇದರ ಬಗ್ಗೆಯೇ ಬರೆದರು. ಒಂದೇ ಕುಟುಂಬದೊಳಗೂ ಎಲ್ಲವೂ ಒಂದೇ ಥರ ಚಲಿಸುವುದಿಲ್ಲ, ಚರ್ಮದ ರಚನೆ ಬೇರೆಯಾದರೆ ಹರಿಯುವ ಬಗೆಯೂ ಬೇರೆ ಅನ್ನುವುದು ಅವರ ಮಾತು. ಆಸ್ಪೆರಾಲೈಕಸ್ ಜಿಗುಟು ಮಣ್ಣಿನಲ್ಲಿದೆ, ಗಾರ್ಡಿಯಾಲೈಕಸ್ ಮರಳಿನಲ್ಲಿದೆ. ಗಾರ್ಡಿಯಾಲೈಕಸ್ ಅಗಲಕ್ಕಿಂತ ಎಷ್ಟೋ ಪಟ್ಟು ಉದ್ದ. ಅದರ ಕಾಲುಗಳಿಗೆ ಕೆಲಸವೇ ಕಡಿಮೆ.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವ ಅಂಶ ಇನ್ನೊಂದಿದೆ. ಎರಿಯೋಫಿಯಿಡ್‌ಗಳಿಗೂ ಉಂಗುರದ ಮೈ ಇದೆ. ತೆಂಗಿನ ತೊಟ್ಟಿನ ಎಸಳುಗಳ ಅಡಿಯಲ್ಲಿ ಎಷ್ಟು ಜಾಗ ಇರುತ್ತದೆ ಹೇಳಿ. ಬೇರೆ ನುಸಿಗಳು ತೂರಲಾರದ ಸಂದಿ ಅದು. ಮೊಗ್ಗಿನೊಳಗೆ, ಎಲೆಯ ಗಂಟಿನೊಳಗೆ ಎಲ್ಲ ಹೀಗೇ. ಹಾಗಾದರೆ ಉದ್ದನೆಯ ಮೈ ಮೊದಲು ಮಣ್ಣಿನ ಸಂದಿಗಾಗಿ ಬಂದು, ಆಮೇಲೆ ಗಿಡದ ಸಂದಿಗೆ ಉಪಯೋಗ ಆಯಿತೇ? ನನಗೆ ಹಾಗೇ ಅನಿಸುತ್ತದೆ. ಇದು ನನ್ನ ಊಹೆ ಅಂತಲೇ ಓದಿಕೊಳ್ಳಿ.

ಮಣ್ಣಿನಾಳ

ತುಂಬ ಚೆನ್ನಾಗಿ ಹೇಳಿದೆಯಮ್ಮ. ಊಹೆಯಾದರೂ ಬುಡ ಇರುವ ಊಹೆ. ಬಾಯಿಯ ವಿಷಯವನ್ನೂ ಸೇರಿಸುತ್ತೇನೆ. ಆಸ್ಪೆರಾಲೈಕಸ್‌ನ ಬಾಯಿಯಲ್ಲಿ ಒಂದು ಚೀಲದಂಥ ರಚನೆ ಇದೆ. ಕುಲದ ಹೆಸರು ಬಂದಿದ್ದೂ ಅದರಿಂದಲೇ. ಮಣ್ಣಿನಲ್ಲಿರುವ ಮೆತ್ತನೆಯ ಸೂಕ್ಷ್ಮಜೀವಿಗಳನ್ನು ಹಿಡಿದು, ಚುಚ್ಚಿ, ಒಳಗಿನ ರಸ ಹೀರುತ್ತದೆ. ಚುಚ್ಚಿ ಹೀರುವುದು ಎರಿಯೋಫಿಯಿಡ್‌ಗಳ ಕಸುಬೂ ಹೌದು. ಅವು ಗಿಡದ ಮೇಲ್ಪದರದ ಒಂದೊಂದೇ ಜೀವಕೋಶಕ್ಕೆ ಸೂಜಿ ಹಾಕುತ್ತವೆ.

ಬೆಂಗಳೂರು ಬಸವ

ನಾನು ಒಂದು ವಿರೋಧದ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಐದು ಪ್ರಭೇದ, ಅರ್ಧ ಮಿಲಿಮೀಟರ್, ಯಾರಿಗೂ ಲಾಭ ನಷ್ಟ ಇಲ್ಲ. ಇಂಥದ್ದಕ್ಕೆ ಸಂಶೋಧನೆಯ ಹಣ ಹಾಕುವುದು ಸರಿಯಾ? ನಮ್ಮಲ್ಲಿ ಬೆಳೆ ರೋಗಗಳೇ ಬೇಕಾದಷ್ಟಿವೆ. ಮೊದಲು ಅವುಗಳಿಗೆ ಔಷಧಿ ಕಂಡುಹಿಡಿಯಲಿ.

ಕಲಬುರಗಿ ತೊಗರಿ

ಬಸವಣ್ಣಾರ, ನಿಮ್ಮ ಮಾತಿಗೆ ನಾನು ತೊಗರಿ ಹೊಲದಿಂದ ಉತ್ತರ ಕೊಡ್ತೀನ್ರಿ.

ನಮ್ಮ ಕಡೆ ತೊಗರಿಗೆ ಗೊಡ್ಡು ರೋಗ ಬರುತ್ತದೆ. ಗಿಡ ಹಚ್ಚಗೇ ಇರುತ್ತದೆ. ಪೊದೆಯಾಗಿ ಬೆಳೆಯುತ್ತದೆ. ಎಲೆ ಸಣ್ಣಗಾಗಿ ಹಳದಿ ಚುಕ್ಕೆ ಬರುತ್ತದೆ. ಹೂ ಇಲ್ಲ, ಕಾಯಿ ಇಲ್ಲ. ಎಳೆಯ ಗಿಡಕ್ಕೆ ಬಂದರೆ ಆ ಗಿಡದಿಂದ ಒಂದು ಕಾಳೂ ಸಿಗುವುದಿಲ್ಲ. 1931ರಲ್ಲಿ ಬಿಹಾರದ ಪೂಸಾದಲ್ಲಿ ಈ ರೋಗವನ್ನು ಮೊದಲು ದಾಖಲಿಸಿದರು. ಇದನ್ನು ಹರಡುವುದು ಅಸೇರಿಯಾ ಕಜಾನಿ ಅನ್ನುವ ನುಸಿ. ತೆಂಗಿನ ನುಸಿಯ ಕುಲದ್ದೇ. ಎಲೆಯ ಅಡಿಯಲ್ಲಿ ಇರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ರೋಗ ತರುವ ವೈರಸ್ ಯಾವುದು ಅಂತ ಖಚಿತವಾಗಿದ್ದು 2000ದ ಆಸುಪಾಸಿನಲ್ಲಿ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನುವ ಬೆಳೆ ಸಂಶೋಧನಾ ಸಂಸ್ಥೆಯವರ ಕೆಲಸ ಅದರಲ್ಲಿ ದೊಡ್ಡದು. ಅಂದರೆ ರೋಗ ಕಂಡು ಸುಮಾರು 70 ವರ್ಷ ಆದ ಮೇಲೆ.

ಯಾಕೆ ಇಷ್ಟು ತಡ? ಇಷ್ಟು ಸಣ್ಣ ಜೀವಿಗಳ ಬದುಕು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಯಾವ ನುಸಿಗೆ ಯಾವ ನುಸಿ ಬಂಧು, ಅದು ಹೇಗೆ ತಿನ್ನುತ್ತದೆ, ಹೇಗೆ ಹರಡುತ್ತದೆ ಅನ್ನುವುದನ್ನು ಮೊದಲೇ ಓದಿಟ್ಟಿದ್ದರೆ ರೋಗ ಬಂದಾಗ ಬರಿಗೈಲಿ ನಿಲ್ಲಬೇಕಾಗಿಲ್ಲ. ಹೊಲಕ್ಕೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟರೆ ಏನು ಉಪಯೋಗರಿ?

ಮಣ್ಣಿನಾಳ

ಬಸವ ಸರ್, ಪ್ರಶ್ನೆ ಕೇಳಿದ್ದು ಒಳ್ಳೆಯದೇ ಆಯಿತು. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ. ಪಿ. ಚನ್ನಬಸವಣ್ಣ ಅವರು 1966ರಲ್ಲಿ ಭಾರತದ ಎರಿಯೋಫಿಯಿಡ್ ನುಸಿಗಳ ಮೇಲೆ ಒಂದು ದೊಡ್ಡ ಗ್ರಂಥ ಬರೆದರು. ತೆಂಗಿನ ನುಸಿ ಭಾರತಕ್ಕೆ ಕಾಲಿಡುವುದಕ್ಕೆ 32 ವರ್ಷ ಮೊದಲು. ಆಗಲೂ ಯಾರಾದರೂ ಇದೆಲ್ಲ ಯಾಕೆ ಅಂತ ಕೇಳಿರಬಹುದು. ಆದರೆ ಆ ಕೆಲಸದಿಂದ ಬೆಂಗಳೂರಿನಲ್ಲಿ ನುಸಿ ಓದುವ ಒಂದು ಪರಂಪರೆ ಬೆಳೆಯಿತು. ದೇಶದ ಕೃಷಿ ನುಸಿಗಳ ಸಂಶೋಧನಾ ಜಾಲದ ಕೇಂದ್ರ ಇರುವುದು ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ. ಇಂಥ ತಳಪಾಯ ಇಲ್ಲದೆ ಇದ್ದಿದ್ದರೆ 1998ರ ನಂತರದ ಕಷ್ಟ ಇನ್ನೂ ಜಾಸ್ತಿ ಆಗುತ್ತಿತ್ತು ಅನ್ನುವುದು ನನ್ನ ನಂಬಿಕೆ.

ತೆಂಗಿನ ನುಸಿಗೆ ಬರುವ ಹಿರ್ಸುಟೆಲ್ಲಾ ಎಂಬ ಶಿಲೀಂಧ್ರ ಇದೆ. ಅದು ನುಸಿಗೇ ರೋಗ ತರುತ್ತದೆ. ಅದನ್ನು ಬೆಳೆಸಿ ಸಿಂಪಡಿಸುವ ಪ್ರಯತ್ನವೂ ಬೆಂಗಳೂರಿನ ಜೈವಿಕ ನಿಯಂತ್ರಣ ಸಂಸ್ಥೆಯಲ್ಲೇ ನಡೆಯಿತು. ನುಸಿಯನ್ನೇ ತಿನ್ನುವ ನುಸಿಗಳೂ ಇವೆ. ನಿಯೋಸಿಯುಲಸ್ ಬರಾಕಿ ಅಂತ ಒಂದು, ತೊಟ್ಟಿನಡಿ ನುಗ್ಗಲು ಅದರ ಮೈಯೂ ಚಪ್ಪಟೆ.

ಬೆಂಗಳೂರು ಬಸವ

ಚನ್ನಬಸವಣ್ಣ ಅವರ ವಿಷಯ ನನಗೆ ಗೊತ್ತಿರಲಿಲ್ಲ. ಅಂಥವರ ಬಗ್ಗೆ ಕನ್ನಡದಲ್ಲಿ ಬರೆದರೆ ಒಳ್ಳೆಯದು. ಹಣದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಬೆಳೆಗೆ ಹತ್ತಿರದ ಕೆಲಸಕ್ಕೆ ಮೊದಲ ಪಾಲು ಸಿಗಬೇಕು ಅಂತಲೇ ನನ್ನ ವಾದ. ಆದರೆ ಇದನ್ನು ಪೂರಾ ಬಿಡಬಾರದು ಅನ್ನುವುದು ಒಪ್ಪುತ್ತೇನೆ.

ಒಂದು ಕೇಳಬೇಕು. ಇವು ಯಾಕೆ ಇಷ್ಟು ಕಡಿಮೆ ಸಿಕ್ಕಿವೆ? ನಿಜವಾಗಿಯೂ ಅಪರೂಪವಾ, ಇಲ್ಲಾ ಹುಡುಕುವ ರೀತಿಯೇ ಸರಿ ಇಲ್ಲವಾ?

ಮಣ್ಣಿನಾಳ

ಹುಡುಕುವ ರೀತಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರ ಮೇಲೆ ಎಲ್ಲ ನಿಂತಿದೆ.

ಮಣ್ಣಿನ ಸಣ್ಣ ಜೀವಿಗಳನ್ನು ಹಿಡಿಯಲು ಎಲ್ಲ ಕಡೆ ಬಳಸುವುದು ಬರ್ಲೇಸೆ ಆಲಿಕೆ. ಇಟಲಿಯ ಅಂತೋನಿಯೋ ಬರ್ಲೇಸೆ 1905ರಲ್ಲಿ ಮಾಡಿದ್ದು. ಅವರು ಬಿಸಿನೀರಿನ ಕಾವು ಬಳಸಿದರು. ಸ್ವೀಡನ್ನಿನ ಟುಲ್‌ಗ್ರೆನ್ 1918ರಲ್ಲಿ ಅದಕ್ಕೆ ವಿದ್ಯುತ್ ಬಲ್ಬು ಜೋಡಿಸಿದರು. ಜರಡಿಯ ಮೇಲೆ ಮಣ್ಣು ಇಟ್ಟು, ಮೇಲಿಂದ ಬಲ್ಬು ಉರಿಸುತ್ತಾರೆ. ಮಣ್ಣು ಮೇಲಿಂದ ಒಣಗುತ್ತ ಬರುತ್ತದೆ. ಜೀವಿಗಳು ತಂಪು ಹುಡುಕಿ ಕೆಳಗೆ ಸರಿಯುತ್ತವೆ. ಕೊನೆಗೆ ಆಲಿಕೆಯ ಮೂಲಕ ಅಡಿಯ ಸ್ಪಿರಿಟ್ ಬಾಟಲಿಗೆ ಬೀಳುತ್ತವೆ.

ಒಳ್ಳೆಯ ಉಪಾಯ. ಚುರುಕಾಗಿ ಓಡುವ, ಗಟ್ಟಿ ಚರ್ಮದ ಜೀವಿಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ನೆಮಟಾಲಿಸಿಡೇ ನಿಧಾನ. ಚರ್ಮ ಮೆತ್ತಗೆ. ಬಿಗಿಯಾದ ಮಣ್ಣಿನ ಹೆಂಟೆಯೊಳಗೆ ಇರುತ್ತವೆ. ಹೊರಗೆ ಬರುವಷ್ಟರಲ್ಲಿ ಒಣಗಿ ಸತ್ತೇ ಹೋಗುತ್ತವೆ. ಬಾಟಲಿಯಲ್ಲಿ ಏನೂ ಇಲ್ಲ ಅಂದರೆ ಮಣ್ಣಿನಲ್ಲೂ ಇಲ್ಲ ಅಂತ ಬರೆದುಬಿಡುತ್ತಾರೆ. ಇಂಥ ಜೀವಿಗಳಿಗೆ ಮಣ್ಣನ್ನು ತೊಳೆಯಬೇಕು. ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ತೇಲುವುದನ್ನು ತೀರಾ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು. ಆಮೇಲೆ ಆ ಕಸವನ್ನು ಸೂಕ್ಷ್ಮದರ್ಶಕದ ಅಡಿ ತಾಳ್ಮೆಯಿಂದ ಹುಡುಕಬೇಕು. ಬೇಜಾರಿನ ಕೆಲಸ. ಅದಕ್ಕೇ ಮಾಡಿದವರು ಕಡಿಮೆ.

ಆಳದ್ದು ಎರಡನೇ ಕಾರಣ. ಎಲೆಕಸ ಮತ್ತು ಮೇಲ್ಮಣ್ಣಿನಲ್ಲೇ ಜೀವಿಗಳು ಜಾಸ್ತಿ. ಹಾಗಾಗಿ ಅಲ್ಲೇ ನೋಡಿ ಸುಮ್ನೆ ಆಗುತ್ತಾರೆ. ಕೆಳಗೆ ಸಂಖ್ಯೆ ಕಡಿಮೆ, ನಿಜ. ಆದರೆ ಅಲ್ಲಿರುವವು ಮೇಲೆ ಸಿಗುವುದಿಲ್ಲ.

ಹಳ್ಳಿ ಮೇಷ್ಟ್ರು

ನಾನು ಮಲೆನಾಡಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಚರ್ಚೆ ಓದಿ ಮಕ್ಕಳ ಜೊತೆ ಮಾಡಬಹುದು ಅನಿಸಿತು. ನಮ್ಮಲ್ಲಿ ಅಡಿಕೆ ತೋಟ, ಕಾಡು, ಗದ್ದೆ ಮೂರೂ ಹತ್ತಿರದಲ್ಲೇ ಇವೆ. ಶಾಲೆಯಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕ ಇದೆ. ಮಡಚುವ ಕಾಗದದ ಫೋಲ್ಡ್‌ಸ್ಕೋಪ್ ಕೂಡ ಇದೆ. ಆಲಿಕೆಯನ್ನು ನೀರಿನ ಬಾಟಲಿ ಕತ್ತರಿಸಿ ಮಾಡಿಸಬಹುದು. ಮಣ್ಣು ತೊಳೆಯುವುದು ಹೇಗೆ, ಜರಡಿ ಎಲ್ಲಿಂದ ತರುವುದು ಅಂತ ಹೇಳಿದರೆ ಉಪಕಾರ.

ಮಕ್ಕಳಿಗೆ ನುಸಿ ಅಂದರೆ ಮಳೆ ಬಿದ್ದ ಹೊಸದರಲ್ಲಿ ನೆಲದ ಮೇಲೆ ಓಡಾಡುವ ಮಖಮಲ್ಲಿನ ಮೈಯ ಕೆಂಪು ಹುಳ ತೋರಿಸುತ್ತೇನೆ. ಅದೂ ನುಸಿಯೇ ಅಂದಾಗ ಕಣ್ಣರಳಿಸುತ್ತಾರೆ.

ಎಂಎಸ್ಸಿ ಧಾರವಾಡ

ಸರ್, ಅಂಗಡಿಯಲ್ಲಿ ಸಿಗುವ ಚಹಾ ಸೋಸುವ ಜಾಲರಿ ಇದಕ್ಕೆ ಆಗುವುದಿಲ್ಲ, ಕಣ್ಣು ದೊಡ್ಡದು. ಸ್ಕ್ರೀನ್ ಪ್ರಿಂಟಿಂಗ್ ಮಾಡುವವರ ಹತ್ತಿರ ನೈಲಾನ್ ಬಟ್ಟೆ ಇರುತ್ತದೆ. ಅದರಲ್ಲೇ ತೀರಾ ಸಣ್ಣ ಕಣ್ಣಿನದು ಕೇಳಿ. ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ ಸಿಕ್ಕೀತು. ಅದನ್ನು ಪಿವಿಸಿ ಪೈಪಿನ ತುಂಡಿಗೆ ಬಿಗಿದು ಕಟ್ಟಿದರೆ ಜರಡಿ ತಯಾರು. ಮೇಲೆ ದೊಡ್ಡ ಕಣ್ಣಿನ ಜಾಲರಿ ಒಂದು ಇಟ್ಟುಕೊಳ್ಳಿ. ಬೇರು ಕಡ್ಡಿ ಅಲ್ಲೇ ನಿಲ್ಲುತ್ತದೆ.

ಬಕೆಟ್ಟಿನಲ್ಲಿ ಒಂದೆರಡು ಹಿಡಿ ಮಣ್ಣು ಹಾಕಿ, ನೀರು ಹಾಕಿ, ಕೈಯಿಂದ ಮೆಲ್ಲಗೆ ಹೆಂಟೆ ಒಡೆಯಿರಿ. ಜೋರಾಗಿ ಹಿಸುಕಿದರೆ ಮೆತ್ತನೆಯ ಜೀವಿಗಳು ನಜ್ಜಾಗುತ್ತವೆ. ಕದಡಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ನೀರನ್ನು ಜರಡಿಗೆ ಸುರಿಯಿರಿ. ಅದೇ ಮಣ್ಣಿಗೆ ಮತ್ತೆ ನೀರು ಹಾಕಿ ಹಲವು ಸಲ ಹೀಗೇ ಮಾಡಿ. ಜಿಗುಟು ಮಣ್ಣಾದರೆ ರಾತ್ರಿಯೇ ನೆನೆಸಿಡುವುದು ಒಳ್ಳೆಯದು.

ಕೊಲಂಬಸ್ ಕನ್ನಡತಿ

ಮೇಷ್ಟ್ರೇ, ನೀವು ಮಾಡುವ ಕೆಲಸ ಓದಿ ಖುಷಿಯಾಯಿತು. ನಮ್ಮ ಕನ್ನಡ ಕೂಟದ ಮಕ್ಕಳಿಗೂ ಇದನ್ನು ತೋರಿಸುತ್ತೇನೆ. ಇಲ್ಲಿಯ ಮಕ್ಕಳ ಕಾಲಡಿಯ ಮಣ್ಣು, ಅಲ್ಲಿಯ ಮಕ್ಕಳ ಕಾಲಡಿಯ ಮಣ್ಣು, ಎರಡನ್ನೂ ಒಂದೇ ರೀತಿಯಲ್ಲಿ ತೊಳೆದು ಚಿತ್ರ ಹಂಚಿಕೊಳ್ಳಬಹುದು ಅಲ್ವಾ?

ಕಲಬುರಗಿ ತೊಗರಿ

ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಕೈ ತೂರುವಷ್ಟು ಅಗಲ ಬಿರುಕು. ಮಳೆ ಬಂದರೆ ಮುಚ್ಚಿ ಬಿಗಿಯುತ್ತದೆ. ಇಂಥ ಮಣ್ಣಿನಲ್ಲಿ ಈ ಥರದ ಜೀವಿ ಇರಲು ಸಾಧ್ಯವೇ? ಇದನ್ನು ನೋಡುವ ಆಸೆ ನನಗಿದೆ.

ಮಣ್ಣಿನಾಳ

ಕಲಬುರಗಿಯವರೇ, ಹಿಗ್ಗಿ ಕುಗ್ಗುವ ಮಣ್ಣಿನಲ್ಲಿ ಹಿಗ್ಗಿ ಕುಗ್ಗುವ ನುಸಿ ಇರುತ್ತದಾ ಅನ್ನುವುದು ಒಳ್ಳೆಯ ಪ್ರಶ್ನೆ. ಅಗೆದೇ ನೋಡಬೇಕು. ಹೆಸರಿಟ್ಟ ಜಾಗಗಳನ್ನೇ ನೋಡಿ. ಅಲ್ಜೀರಿಯಾದ ಕಡಲತೀರ, ಅಮೆಜಾನ್, ಒಹಾಯೊದ ಗೋಡು ಮಣ್ಣು. ಒಂದಕ್ಕೊಂದು ಹೋಲಿಕೆಯೇ ಇಲ್ಲ. ಹಾಗಿರುವಾಗ ಯಾವ ಮಣ್ಣನ್ನೂ ಮೊದಲೇ ಪಟ್ಟಿಯಿಂದ ತೆಗೆಯಬೇಡಿ. ಕರಾವಳಿಯವರು ಯಾರಾದರೂ ಇದ್ದರೆ ದಯವಿಟ್ಟು ಮರಳಿನ ಅಡಿಯನ್ನೂ ನೋಡಿ. ಅಲೆ ಬಡಿಯುವ ಜಾಗಕ್ಕಿಂತ ಮೇಲೆ, ಒದ್ದೆ ಮರಳು ಸಿಗುವವರೆಗೆ ಅಗೆಯಬೇಕು. 1954ರ ಮೊದಲ ನುಸಿ ಸಿಕ್ಕಿದ್ದು ಹೀಗೆ ಕಡಲತೀರದಲ್ಲೇ.

ಮೇಷ್ಟ್ರೇ, ಮಕ್ಕಳಿಗೆ ಮೊದಲ ದಿನವೇ ನೆಮಟಾಲಿಸಿಡೇ ಸಿಗುತ್ತದೆ ಅಂತ ಆಸೆ ಹುಟ್ಟಿಸಬೇಡಿ. ಎಲೆಕಸದಿಂದ ಶುರು ಮಾಡಿಸಿ. ಗಟ್ಟಿ ಚಿಪ್ಪಿನ ಒರಿಬ್ಯಾಟಿಡ್ ನುಸಿ, ಜಿಗಿಯುವ ಸ್ಪ್ರಿಂಗ್‌ಟೇಲ್ ರಾಶಿ ಸಿಗುತ್ತವೆ. ಕಾಡಿನ ಮಣ್ಣಾದರೆ ಒಂದು ಚದರ ಮೀಟರಿನಲ್ಲಿ ಸಾವಿರಾರು ನುಸಿ ಇರುತ್ತವೆ. ಅವುಗಳಲ್ಲಿ ಕಣ್ಣು ಪಳಗಿದ ಮೇಲೆ ಆಳದ ಮಣ್ಣಿಗೆ ಹೋಗಿ. ಉದ್ದನೆಯದು ಏನಾದರೂ ಕಂಡರೆ ಮೊದಲು ಕಾಲು ಎಣಿಸಲು ಹೇಳಿ. ಕಾಲೇ ಇಲ್ಲದಿದ್ದರೆ ದುಂಡುಹುಳು. ಅದು ಬೇಕಾದಷ್ಟು ಸಿಗುತ್ತದೆ. ಎಂಟು ಮೋಟು ಕಾಲು, ಉಂಗುರದ ಮೈ ಇದ್ದರೆ ಆ ಚಿತ್ರ ಇಲ್ಲಿ ಹಾಕಿ, ನಾವೆಲ್ಲ ಸೇರಿ ನೋಡೋಣ.

ಗುಂಡಿ ಅಗೆಯುವಾಗ ಒಂದು ಕಡೆಯ ಗೋಡೆ ನೇರವಾಗಿ ಇರಲಿ. ಮೇಲಿನ ಮಣ್ಣು ಕೆಳಕ್ಕೆ ಉದುರಿ ಬೆರೆಯಬಾರದು. ಆ ಗೋಡೆಯಿಂದ 10, 30, 50 ಸೆಂಟಿಮೀಟರ್ ಆಳದಲ್ಲಿ ಬೇರೆ ಬೇರೆ ಮಣ್ಣು ತೆಗೆದು, ಬೇರೆ ಬೇರೆ ಚೀಲಕ್ಕೆ ಹಾಕಿ. ಕೆಳಗಿನದನ್ನು ಮೊದಲು ತೆಗೆಯಿರಿ. ಚೀಲಗಳನ್ನು ಬಿಸಿಲಿಗೆ ಇಡಬೇಡಿ. ಸಿಕ್ಕ ಜೀವಿಗಳನ್ನು ಸಣ್ಣ ಸೀಸೆಯಲ್ಲಿ ಆಲ್ಕೋಹಾಲಿಗೆ ಹಾಕಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಿ, ಪೆನ್ನಿನ ಶಾಯಿ ಅಳಿಸಿಹೋಗುತ್ತದೆ. ಊರು, ತಾರೀಖು, ಆಳ, ಮಣ್ಣಿನ ಬಗೆ, ಮೇಲೆ ಏನು ಬೆಳೆದಿತ್ತು, ಅಗೆದ ಮಕ್ಕಳ ತರಗತಿ. ಆಳ ಬರೆಯುವುದನ್ನು ಮಾತ್ರ ಮರೆಯಬೇಡಿ.

ಹಳ್ಳಿ ಮೇಷ್ಟ್ರು

ಬರೆದುಕೊಂಡೆ ಸರ್. ಈ ಶನಿವಾರ ತೋಟದಲ್ಲಿ ಎಲೆಕಸದಿಂದ ಶುರು. ಪಾತ್ರೆ, ಬಲ್ಬು, ಬಟ್ಟೆ ಹೊಂದಿಸುವ ಜವಾಬ್ದಾರಿಯನ್ನು ಒಂಬತ್ತನೇ ತರಗತಿಯವರು ಆಗಲೇ ಕೇಳಿ ತೆಗೆದುಕೊಂಡಿದ್ದಾರೆ. ಆಳದ ಗುಂಡಿಗೆ ಮಳೆ ಸ್ವಲ್ಪ ಬಿಡುವು ಕೊಡಬೇಕು.

ತಿಪಟೂರು ತೆಂಗು

ಮೇಷ್ಟ್ರೇ, ತೆಂಗಿನ ತೋಟದ ಮಣ್ಣು ಬೇಕಾದರೆ ನಾನು ಅಗೆದು ಕೊಡುತ್ತೇನೆ. ನುಸಿ ಬಿದ್ದ ಕಾಯಿ ಎರಡನ್ನೂ ಜೊತೆಗೆ ಕಳಿಸುತ್ತೇನೆ. ಮಕ್ಕಳು ಎರಡೂ ಕಡೆಯ ದಾಯಾದಿಗಳನ್ನು ಒಂದೇ ದಿನ ಹುಡುಕಲಿ.